ಮೊದಲು ಒಂದು ಮಳೆಗಾಲ ನೋಡಿ: ಪರ್ಮಾಕಲ್ಚರ್ ಬಗ್ಗೆ ಓದುಗರ ಪ್ರಶ್ನೆ, ನನ್ನ ಉತ್ತರ

ಹೋದ ತಿಂಗಳು ಈ ಅಂಕಣದಲ್ಲಿ ಪರ್ಮಾಕಲ್ಚರ್, ಅಂದರೆ ಕಾಡಿನ ಹಾಗೆ ತಾನೇ ನಡೆಯುವ ತೋಟ ಕಟ್ಟುವ ರೀತಿಯ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ: ಇದು ತಂತ್ರ ಅಲ್ಲ, ಜೀವನ ನೋಡುವ ರೀತಿ, ಏನು ಮಾಡುವ ಮೊದಲೂ ನೋಡಿ ಅಂತ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲ ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದಕ್ಕೇ ಕೂತಿದ್ದೇನೆ. ಹೊಸ ಓದುಗರಿಗೆ ನನ್ನ ಪರಿಚಯ: ತಿಪಟೂರು ತಾಲ್ಲೂಕಿನಲ್ಲಿ ನಮ್ಮದು 3 ಎಕರೆ. ಮೇಲೆ ಜಲ್ಲಿ ಬೆರೆತ ಕೆಂಪು ಮಣ್ಣಿನ ಹೊಲ, ಕೆಳಗೆ ತೆಂಗಿನ ತೋಟ. 22 ವರ್ಷ ಶಾಲೆಯಲ್ಲಿ ಪಾಠ ಹೇಳಿ, ಆ ಕೆಲಸ ಬಿಟ್ಟು ಊರಿಗೆ ಬಂದು 13 ವರ್ಷವಾಯಿತು.

ಪರ್ಮಾಕಲ್ಚರ್ ಅಂದರೆ ಸಾವಯವ ಕೃಷಿಗೆ ಇನ್ನೊಂದು ಹೆಸರಾ? ನಾನು ಒಂದೂವರೆ ಎಕರೆ ಜಮೀನು ತಗೊಂಡಿದ್ದೇನೆ. ಈ ಬೇಸಿಗೆಯಲ್ಲೇ ಕಾಲುವೆ, ಇಂಗುಗುಂಡಿ, ಗಿಡ ಎಲ್ಲ ಮುಗಿಸಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?
*— ಸಾಫ್ಟ್‌ವೇರ್ ಕೆಲಸದಲ್ಲಿರುವ ಓದುಗರು, ಬೆಂಗಳೂರು*

ಎರಡೂ ಒಂದೇ ಅಲ್ಲ. ಸಾವಯವದಲ್ಲಿ ಮುಖ್ಯವಾಗಿ ನೆಲಕ್ಕೆ ಏನು ಹಾಕಬೇಕು, ಏನು ಹಾಕಬಾರದು ಅನ್ನುವ ಮಾತು. ಪರ್ಮಾಕಲ್ಚರ್‌ನಲ್ಲಿ ಯಾವುದು ಎಲ್ಲಿರಬೇಕು, ಯಾವುದರ ಪಕ್ಕ ಯಾವುದಿರಬೇಕು ಅನ್ನುವ ಮಾತು. ನಮ್ಮ ಕೋಳಿ ಗೂಡು ಸೀಬೆ ಮರದ ಕೆಳಗಿದೆ. ಬಿದ್ದ ಹಣ್ಣು, ಅದರೊಳಗಿನ ಹುಳ ಎಲ್ಲ ಕೋಳಿಗೆ. ಕೋಳಿ ಹಿಕ್ಕೆ ಮರಕ್ಕೆ. ಮೊದಲು ಅದೇ ಗೂಡು ಮನೆಯ ಆ ಕಡೆ ಇತ್ತು. ಆಗ ಕೊಳೆತ ಹಣ್ಣು ಆರಿಸುವುದು, ಹಿಕ್ಕೆ ಗುಡಿಸಿ ಮರದ ಬುಡಕ್ಕೆ ಹೊರುವುದು ಎರಡೂ ನನ್ನ ಕೆಲಸವಾಗಿತ್ತು. ಕೋಳಿ ಅದೇ, ಮರ ಅದೇ. ಜಾಗ ಬದಲಾಯಿತು ಅಷ್ಟೆ.

ಹೆಸರು ಹುಟ್ಟಿದ್ದು ಆಸ್ಟ್ರೇಲಿಯಾಕ್ಕೆ ಸೇರಿದ ಟ್ಯಾಸ್ಮೇನಿಯಾ ದ್ವೀಪದಲ್ಲಿ. ಬಿಲ್ ಮಾಲಿಸನ್ ಮೀನು ಹಿಡಿದು, ಕಾಡಿನಲ್ಲಿ ದುಡಿದು, ಆಮೇಲೆ ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆ ನಿಂತವರು. ಡೇವಿಡ್ ಹೋಮ್‌ಗ್ರೆನ್ ಆಗಿನ್ನೂ ಎಳೆ ವಯಸ್ಸಿನ ವಿದ್ಯಾರ್ಥಿ. ಇಬ್ಬರೂ ಸೇರಿ ಬರೆದ ಪುಸ್ತಕ 1978ರಲ್ಲಿ ಬಂತು. ಯಾರೂ ನೀರು ಹಾಯಿಸದ, ಗೊಬ್ಬರ ಹಾಕದ ಕಾಡು ತಾನೇ ಹೇಗೆ ನಡೆಯುತ್ತದೆ, ನಮ್ಮ ತೋಟ ಹಾಗೆ ಯಾಕೆ ನಡೆಯಬಾರದು ಅನ್ನುವುದು ಅವರ ಪ್ರಶ್ನೆ. 'ಶಾಶ್ವತ' ಮತ್ತು 'ಕೃಷಿ' ಅನ್ನುವ ಅರ್ಥದ ಎರಡು ಇಂಗ್ಲಿಷ್ ಪದಗಳನ್ನು ಬೆಸೆದು ಹೆಸರಿಟ್ಟರು. ಬರುಬರುತ್ತಾ ಬೇಸಾಯ ಒಂದೇ ಅಲ್ಲ, ಬದುಕುವ ರೀತಿಯೂ ಇದರೊಳಗೆ ಸೇರಬೇಕು ಅಂತ ಅದರ ಅರ್ಥ ಹಿಗ್ಗಿತು.

ಈಗ ನಿಮ್ಮ ಎರಡನೇ ಪ್ರಶ್ನೆ. ಈ ಬೇಸಿಗೆಯಲ್ಲೇ ಮುಗಿಸುತ್ತೇನೆ ಅಂದಿರಲ್ಲ, ಅಲ್ಲೇ ನನಗೆ ಹೆದರಿಕೆ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ನಾನು ಊರಿಗೆ ಬಂದ ಮೊದಲ ವರ್ಷ ನಾಲ್ಕು ದಿನದ ತರಬೇತಿಗೆ ಹೋಗಿ ಬಂದೆ. ತಲೆ ತುಂಬಾ ಕಾಲುವೆ, ಬದು. ಮೇ ತಿಂಗಳಲ್ಲಿ ಜೆಸಿಬಿ ಕರೆಸಿ ಮೇಲಿನ ಹೊಲಕ್ಕೆ ಅಡ್ಡಲಾಗಿ 150 ಅಡಿ ಕಾಲುವೆ ತೋಡಿಸಿದೆ. ಮಟ್ಟ ನೋಡಿದ್ದು ಬರೀ ಕಣ್ಣಳತೆಯಲ್ಲಿ. ಅತ್ತೆ ಬದುವಿನ ಮೇಲೆ ಕೂತಿದ್ದರು. "ನೀರು ಈ ಕಡೆ ಬತ್ತದಮ್ಮ" ಅಂತ ಒಂದು ಸಲ ದಕ್ಷಿಣದ ಮೂಲೆ ತೋರಿಸಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಜೂನ್, ಜುಲೈ ಸೋನೆಗೆ ಏನೂ ಆಗಲಿಲ್ಲ. ಚಿತ್ತೆ ಮಳೆ ಒಂದು ರಾತ್ರಿ ಸುರಿಯಿತು ನೋಡಿ. 1 ಸೆಂಟಿಮೀಟರ್ ಮಳೆ ಬಿದ್ದರೆ ಒಂದು ಎಕರೆಗೆ 40 ಸಾವಿರ ಲೀಟರ್ ನೀರು ಬಿದ್ದ ಲೆಕ್ಕ. ಅವತ್ತು ಬಿದ್ದದ್ದು ಅದರ ಎಷ್ಟೋ ಪಟ್ಟು. ನಾನು ತೋಡಿಸಿದ್ದು ನೀರು ನಿಲ್ಲಿಸುವ ಕಾಲುವೆ ಆಗಿರಲಿಲ್ಲ, ಹೊಲದ ನೀರನ್ನೆಲ್ಲ ಬಳಿದು ಒಂದೇ ಮೂಲೆಗೆ ನುಗ್ಗಿಸುವ ಚರಂಡಿ ಆಗಿತ್ತು. ದಕ್ಷಿಣದ ಮೂಲೆ ಒಡೆಯಿತು. ಕೆಳಗಿನ ಹೊಲದ ಅಣ್ಣನ ತೆನೆ ಕಟ್ಟಿದ ರಾಗಿ ಮಣ್ಣಿನಡಿ ಮಲಗಿತು. ಬೆಳಿಗ್ಗೆ ಹೋಗಿ ಅವರ ಮುಂದೆ ನಿಂತೆ. ಅವರು ಬೈಯಲಿಲ್ಲ. ಅದೇ ಹೆಚ್ಚು ನೋವಾಯಿತು. ಆ ವರ್ಷ ನಮ್ಮ ರಾಗಿಯಲ್ಲಿ ಎರಡು ಮೂಟೆ ಅವರ ಮನೆಗೆ ಹೋಯಿತು. ಗಾರೆಯವರು ಮಟ್ಟ ನೋಡುವ ನೀರಿನ ಪೈಪು ಹಿಡಿದು ಅಳೆದಾಗ ಗೊತ್ತಾಯಿತು, ಆ ತುದಿಗೂ ಈ ತುದಿಗೂ ಒಂದೂಕಾಲು ಅಡಿ ಇಳಿಜಾರಿತ್ತು.

ಆಮೇಲೆ ಮಾಡಿದ ಕೆಲಸಕ್ಕೆ ಖರ್ಚೇ ಇರಲಿಲ್ಲ. ಏಳಡಿಯ ಎರಡು ಬಿದಿರು ಗಳ ತಗೊಂಡು ತಲೆ ಕಡೆ ಸೇರಿಸಿ ಕಟ್ಟಿ. ಕಾಲು ಅಗಲಿಸಿ ನಡುವೆ ಅಡ್ಡಪಟ್ಟಿ ಕಟ್ಟಿ. ಇಂಗ್ಲಿಷಿನ ದೊಡ್ಡ 'ಎ' ಅಕ್ಷರದ ಹಾಗೆ ಆಗುತ್ತದೆ. ತಲೆಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ನೆಲಕ್ಕೆ ಊರಿ, ದಾರ ಅಡ್ಡಪಟ್ಟಿಯನ್ನು ಮುಟ್ಟಿದ ಕಡೆ ಗುರುತು ಹಾಕಿ. ಎರಡು ಕಾಲುಗಳ ಜಾಗ ಅದಲುಬದಲು ಮಾಡಿ ಇನ್ನೊಂದು ಗುರುತು ಹಾಕಿ. ಎರಡರ ಸರೀ ನಡುವೆ ಮೂರನೇ ಗುರುತು. ದಾರ ಈ ಗುರುತಿಗೆ ಬಂದು ನಿಂತರೆ ಎರಡೂ ಕಾಲು ಒಂದೇ ಮಟ್ಟದಲ್ಲಿವೆ ಅಂತ. ಒಂದು ಕಾಲು ಊರಿ ಇನ್ನೊಂದನ್ನು ತಿರುಗಿಸುತ್ತಾ, ದಾರ ನಿಂತಲ್ಲಿ ಗೂಟ ಹೊಡೆಯುತ್ತಾ ಹೋಗಿ. ನಾವು ಹಾಗೆ ಹೋದಾಗ ನನ್ನ ನೇರ ಕಾಲುವೆಗೂ ಗೂಟದ ಸಾಲಿಗೂ ಸಂಬಂಧವೇ ಇರಲಿಲ್ಲ. ಸಾಲು ಹಾವಿನ ಹಾಗೆ ಬಳುಕಿ, ಅತ್ತೆ ಬೆರಳು ತೋರಿಸಿದ ಮೂಲೆಯಿಂದ ಬಲು ಮೇಲೆ ಹಾದು ಹೋಯಿತು. ಹಳೇ ಕಾಲುವೆ ಮುಚ್ಚಿ, ಗೂಟದ ಸಾಲಿನಲ್ಲಿ ತುಂಡು ತುಂಡಾಗಿ ತೋಡಿದೆವು. ತೆಗೆದ ಮಣ್ಣು ಕೆಳಬದಿಗೆ ಬದುವಾಯಿತು. ಅದರ ಮೇಲೆ ಗೊಬ್ಬರದ ಗಿಡ (ಗ್ಲಿರಿಸಿಡಿಯಾ), ಹೊಂಗೆ, ನುಗ್ಗೆ.

ಅದಕ್ಕೇ ಹೇಳುತ್ತಿದ್ದೇನೆ, ಮೊದಲು ಒಂದು ಮಳೆಗಾಲ ನೋಡಿ. ತರಬೇತಿ ಬೇಕಾದರೆ ಹೋಗಿ, ಪರ್ಮಾಕಲ್ಚರ್ ವಿನ್ಯಾಸದ 72 ಗಂಟೆಯ ಕೋರ್ಸು ಎಲ್ಲ ಕಡೆ ನಡೆಯುತ್ತದೆ, ಒಳ್ಳೆಯದೇ. ಆದರೆ ಜಮೀನಿನ ಪಕ್ಕದ ಹೊಲದವರ ಜೊತೆ ಒಂದು ಸಂಜೆ ಕೂತು, ನಿಮ್ಮ ನೆಲದಲ್ಲಿ ನೀರು ಎಲ್ಲಿ ನುಗ್ಗುತ್ತದೆ ಅಂತ ಕೇಳಿ ಆಮೇಲೆ ಹೋಗಿ.

ರಾಗಿ ಹೊಲದಲ್ಲಿ ಅಕ್ಕಡಿ ಸಾಲು ನಮ್ಮಜ್ಜ ಹಾಕುತ್ತಿದ್ದರು. ಬಚ್ಚಲ ನೀರಿಗೆ ಬಾಳೆ ಎಲ್ಲರ ಮನೆಯಲ್ಲೂ ಇತ್ತು. ನಮ್ಮದನ್ನೇ ಹೊರಗಿನವರಿಂದ ಹೊಸ ಹೆಸರಲ್ಲಿ ಯಾಕೆ ಕಲಿಯಬೇಕು?
*— ನಿವೃತ್ತ ಓದುಗರು, ಮಾಗಡಿ*

ನಿಮ್ಮ ಪತ್ರದ ಸಿಟ್ಟು ನನಗೂ ಒಂದು ಕಾಲದಲ್ಲಿ ಇತ್ತು, ಸರ್. ನೀವು ಹೇಳಿದ್ದು ಪೂರ್ತಿ ನಿಜ. ಕೂರಿಗೆ ಹಿಂದೆ ಸಡ್ಡೆ (ಬೀಜ ಬಿಡುವ ಕೊಳವೆ) ಕಟ್ಟಿ, ಆರೆಂಟು ಸಾಲು ರಾಗಿಗೆ ಒಂದು ಸಾಲು ಅವರೆ, ಅಲಸಂದೆ, ಜೋಳ, ಹುಚ್ಚೆಳ್ಳು, ಸಾಸಿವೆ ಬಿಟ್ಟವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆ ಹೊಲ ನೆನೆಸಿಕೊಳ್ಳಿ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತಿತ್ತು. ಜೋಳದ ದಂಟಿನ ಮೇಲೆ ಹಕ್ಕಿ ಕೂತು ಹುಳ ಹೆಕ್ಕುತ್ತಿತ್ತು. ರಾಗಿ ಕುಯ್ದ ಮೇಲೂ ಅವರೆ ನಿಂತಿರುತ್ತಿತ್ತು, ಇಬ್ಬನಿ ಬಿದ್ದು ಸೊಗಡು ಏರುತ್ತಿತ್ತು. ಮಳೆ ಕೈಕೊಟ್ಟು ರಾಗಿ ಹೋದರೂ ಮನೆಗೆ ಏನೋ ಒಂದು ಬರುತ್ತಿತ್ತು. ಅವರೆ, ಅಲಸಂದೆ ಬೇರಿನ ಗಂಟು ನೆಲಕ್ಕೆ ಸಾರಜನಕ ಕೊಡುತ್ತಿತ್ತು.

ಹೊರಗಿನವರು ಇದನ್ನು ಕದ್ದು ಬಚ್ಚಿಡಲಿಲ್ಲ ಅನ್ನುವುದನ್ನೂ ಹೇಳಬೇಕು. 1911ರಲ್ಲಿ ಎಫ್.ಎಚ್. ಕಿಂಗ್ ಅನ್ನುವ ಅಮೆರಿಕದ ಮಣ್ಣು ವಿಜ್ಞಾನಿಯ ಪುಸ್ತಕ ಬಂತು. ಚೀನಾ, ಕೊರಿಯಾ, ಜಪಾನಿನ ರೈತರು ನೂರಾರು ತಲೆಮಾರು ಅದೇ ನೆಲದಲ್ಲಿ ಹೇಗೆ ಬೆಳೆ ತೆಗೆದರು ಅಂತ ಅವರು ಹೋಗಿ ನೋಡಿ ಬರೆದದ್ದು. 'ಶಾಶ್ವತ ಕೃಷಿ' ಅನ್ನುವ ಮಾತು ಅದರ ಹೆಸರಿನಲ್ಲೇ ಇದೆ. ಜಪಾನಿನ ಮಸಾನೊಬು ಫುಕುವೊಕಾ ಉಳುಮೆ ಇಲ್ಲದೆ ಭತ್ತ ಬೆಳೆದರು. ನಮ್ಮಲ್ಲೂ ಸಹಜ, ಸಾವಯವ ಬೇಸಾಯಕ್ಕೆ ಹೆಸರಾದ ಉಡುಪಿ ಕಡೆಯ ಚೇರ್ಕಾಡಿ ರಾಮಚಂದ್ರ ರಾಯರು, ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರು ಇದ್ದರು. ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವವರೆಗೂ ರೈತರಿಗೆ ಹೇಳಿದ್ದು ಮಣ್ಣಿನ ಮಾತನ್ನೇ.

ಹಾಗಿದ್ದರೂ ಆ ಹೆಸರು ನನಗೆ ಉಪಯೋಗಕ್ಕೆ ಬಂತು. ಅತ್ತೆಗೆ ಎಲ್ಲ ಗೊತ್ತಿತ್ತು, ಯಾಕೆ ಅಂತ ಹೇಳಲು ಬರುತ್ತಿರಲಿಲ್ಲ. ನನಗೆ ಏನೂ ಗೊತ್ತಿರಲಿಲ್ಲ, ಯಾಕೆ ಅಂತ ಗೊತ್ತಾಗದೆ ಮಾಡಲು ಮನಸ್ಸೂ ಬರುತ್ತಿರಲಿಲ್ಲ. ಪರ್ಮಾಕಲ್ಚರ್‌ನಲ್ಲಿ ಜಮೀನನ್ನು ವಲಯಗಳಾಗಿ ನೋಡುತ್ತಾರೆ. ದಿನಕ್ಕೆ ನಾಲ್ಕು ಸಲ ಹೋಗುವ ಜಾಗ ಮನೆಗೆ ಹತ್ತಿರ, ವರ್ಷಕ್ಕೊಮ್ಮೆ ಹೋಗುವುದು ದೂರ, ಕೊನೆಯದನ್ನು ಮುಟ್ಟುವುದೇ ಇಲ್ಲ. ಇದನ್ನು ಓದಿದ ದಿನ ನಾನು ಹಿತ್ತಲಿಗೆ ಹೋಗಿ ನಿಂತೆ. ಬಾಗಿಲ ಪಕ್ಕ ಕರಿಬೇವು, ಕೊತ್ತಂಬರಿ ಮಡಿ. ಬಚ್ಚಲ ಮೋರಿಗೆ ಬಾಳೆ, ಕೆಸು. ಆಚೆ ತಿಪ್ಪೆ, ತಿಪ್ಪೆ ಅಂಚಿಗೆ ಕುಂಬಳ ಬಳ್ಳಿ. ಅದರಾಚೆ ತೋಟ, ಹೊಲ, ಗೋಮಾಳ, ಊರ ಗುಂಡುತೋಪು. ಕೊಡಗಿನಲ್ಲಾದರೆ ಅದಕ್ಕೂ ಆಚೆ ದೇವರಕಾಡು. ಪುಸ್ತಕದ ಚಿತ್ರವೂ ನಮ್ಮತ್ತೆಯ ಹಿತ್ತಲೂ ಒಂದರ ಮೇಲೊಂದು ಇಟ್ಟ ಹಾಗೆ ಕೂತವು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ದೂರದವರು ಬಂದು ಹೇಳಿದ ಮೇಲೆ ನನಗೆ ನಮ್ಮ ಹಿತ್ತಲು ಕಾಣಿಸಿತು. ನಿಮ್ಮ ಮೊಮ್ಮಕ್ಕಳಿಗೂ ಹಾಗೇ ಕಾಣಿಸುವುದಾದರೆ ಹೆಸರು ಯಾವುದಾದರೇನು, ಸರ್? ಆದರೆ ನಿಮ್ಮಜ್ಜ ಯಾವ ತಳಿ ಅವರೆ ಹಾಕುತ್ತಿದ್ದರು, ಯಾವ ಮಳೆಗೆ ಬಿತ್ತುತ್ತಿದ್ದರು ಅಂತ ನೀವು ಬರೆದಿಡಿ. ಅದು ಯಾವ ಕೋರ್ಸಿನಲ್ಲೂ ಸಿಗುವುದಿಲ್ಲ.

ಮೂರನೇ ಮಹಡಿಯ ಬಾಡಿಗೆ ಮನೆ, ದಕ್ಷಿಣಕ್ಕೆ ಒಂದು ಬಾಲ್ಕನಿ, 12 ಕುಂಡ. ಎಷ್ಟು ಓದಿ ಮಾಡಿದರೂ ಗಿಡ ಸೊರಗುತ್ತಿವೆ. ನನ್ನಂಥವರಿಗೆ ಪರ್ಮಾಕಲ್ಚರ್ ಸಾಧ್ಯವಾ?
*— ಗೃಹಿಣಿ, ರಾಜಾಜಿನಗರ*

ಸಾಧ್ಯ. ಮೊದಲು ಬಿಸಿಲಿನ ವಿಷಯ. ನೀವು ಓದಿದ ಪುಸ್ತಕ ಆಸ್ಟ್ರೇಲಿಯಾದ್ದಾದರೆ ಉತ್ತರಕ್ಕೆ ಬಿಸಿಲು ಅಂತ ಬರೆದಿರುತ್ತದೆ. ಯೂರೋಪಿನದಾದರೆ ದಕ್ಷಿಣಕ್ಕೆ. ಬೆಂಗಳೂರಿಗೆ ಎರಡೂ ಪೂರ್ತಿ ಹೊಂದುವುದಿಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಇರುತ್ತಾನೆ, ಉಳಿದ ತಿಂಗಳು ದಕ್ಷಿಣಕ್ಕೆ. ನಿಮ್ಮ ಬಾಲ್ಕನಿ ದಕ್ಷಿಣಕ್ಕೆ ಅಂತ ಬರೆದಿದ್ದೀರಿ. ಹಾಗಾದರೆ ಡಿಸೆಂಬರಿನಲ್ಲಿ ಒಳಗಿನವರೆಗೂ ಬಿಸಿಲು ಬರುತ್ತದೆ, ಜೂನಿನಲ್ಲಿ ಬರುವುದೇ ಇಲ್ಲ. ಟೊಮೆಟೊ, ಮೆಣಸಿನಕಾಯಿ ಚಳಿಗಾಲಕ್ಕೆ ಇಡಿ. ಮಳೆಗಾಲಕ್ಕೆ ದೊಡ್ಡಪತ್ರೆ, ಒಂದೆಲಗ, ಬಸಳೆ ಸಾಕು. ತಿಂಗಳಿಗೊಂದು ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಸಿಲು ಎಲ್ಲಿಯವರೆಗೆ ಬಂತು ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಒಂದು ವರ್ಷ ಕಳೆಯುವಷ್ಟರಲ್ಲಿ ಯಾವ ಪುಸ್ತಕಕ್ಕಿಂತ ಒಳ್ಳೆಯ ಪುಸ್ತಕ ನಿಮ್ಮ ನೆಲದ ಮೇಲೇ ಇರುತ್ತದೆ.

ಅಕ್ಕಿ, ಬೇಳೆ ತೊಳೆದ ನೀರು ಕುಂಡಕ್ಕೆ. ಅಡುಗೆಮನೆ ಹಸಿ ಕಸ ಒಂದು ಪಾಲಾದರೆ ಒಣ ಎಲೆ ಎರಡು ಪಾಲು ಹಾಕಿ, ಆಗ ವಾಸನೆ ಬರುವುದಿಲ್ಲ. ಒಣ ಎಲೆಗೆ ಪಾರ್ಕಿನ ಹತ್ತಿರ ಬೆಳಿಗ್ಗೆ ಗುಡಿಸುವ ಅಮ್ಮನನ್ನು ಕೇಳಿ. ಒಂದು ಚೀಲ ಸಂತೋಷವಾಗಿ ಕೊಡುತ್ತಾರೆ. ಗೊಬ್ಬರವಾದ ಮೇಲೆ ಬೆಳೆದ ಮೊದಲ ಬಸಳೆ ಸೊಪ್ಪಿನಲ್ಲಿ ಒಂದು ಹಿಡಿ ಆ ಅಮ್ಮನಿಗೆ ಕೊಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ನನ್ನ ದೃಷ್ಟಿಯಲ್ಲಿ ಅಲ್ಲಿಗೆ ನಿಮ್ಮ ಪರ್ಮಾಕಲ್ಚರ್ ಪೂರ್ತಿಯಾಯಿತು.

ಉಳುಮೆ ಬಿಟ್ಟು ಮುಚ್ಚಿಗೆ (ನೆಲಕ್ಕೆ ಸೋಗೆ, ಸೊಪ್ಪು ಹೊದಿಸುವುದು) ಮಾಡೋಣ ಅಂದರೆ ಅಪ್ಪ ಒಪ್ಪುತ್ತಿಲ್ಲ. ಕಳೆ ನೋಡಿ ಊರವರು ನಗುತ್ತಾರೆ, ಸೋಗೆ ಹಾಕಿದರೆ ಗೆದ್ದಲು ಹತ್ತುತ್ತದೆ ಅಂತಾರೆ. ಮನೆಯಲ್ಲಿ ದಿನಾ ಜಗಳ.
*— ಪದವಿ ಮುಗಿಸಿದ ಯುವಕ, ಅರಸೀಕೆರೆ*

ತಮ್ಮಾ, ಜಗಳ ಮೊದಲು ನಿಲ್ಲಿಸು. ಪರ್ಮಾಕಲ್ಚರ್‌ನವರು ಮೂರು ಮಾತು ಇಟ್ಟುಕೊಂಡಿದ್ದಾರೆ: ಭೂಮಿಯನ್ನು ನೋಡಿಕೊ, ಜನರನ್ನು ನೋಡಿಕೊ, ಮಿಕ್ಕಿದ್ದನ್ನು ಹಂಚು. ಭೂಮಿಗಾಗಿ ಅಪ್ಪನ ಮನಸ್ಸು ನೋಯಿಸಿದರೆ ಎರಡನೆಯದು ಮುರಿದ ಹಾಗೆ. ಆ ನೆಲದ ಸಾಲವನ್ನೂ ಬರಗಾಲವನ್ನೂ ಕಂಡವರು ಅವರು. ನಗುವವರ ಮಾತು ಅವರಿಗೆ ಚುಚ್ಚುತ್ತದೆ, ನಿನಗೆ ಚುಚ್ಚುವುದಿಲ್ಲ.

ಐದು ಕುಂಟೆ ಕೇಳು. ಇಡೀ ತೋಟ ಬೇಡ. ರಸ್ತೆ ಪಕ್ಕದ ಐದು ಕುಂಟೆಯೂ ಬೇಡ, ಹಿಂದಿನದು ಕೇಳು. ಅಲ್ಲಿ ನಿನ್ನ ಇಷ್ಟದಂತೆ ಮಾಡು, ಉಳಿದ ಕಡೆ ಅವರು ಹೇಳಿದ ಹಾಗೆ ದುಡಿ. ಗೆದ್ದಲಿನ ವಿಷಯದಲ್ಲಿ ಅಪ್ಪನ ಹೆದರಿಕೆ ಸುಳ್ಳಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ಅದು ಬಂದೇ ಬರುತ್ತದೆ. ನಾನು ಮೊದಲ ವರ್ಷ ಎಳೆ ನಿಂಬೆ ಗಿಡದ ಬುಡಕ್ಕೇ ಒಣ ಸೋಗೆ ಒತ್ತಿ ಆರು ಗಿಡ ಕಳೆದುಕೊಂಡೆ. ಬುಡದಿಂದ ಒಂದು ಗೇಣು ಬಿಟ್ಟು ಹಾಕು. ಒಣದರ ಜೊತೆ ಗೊಬ್ಬರದ ಗಿಡದ ಹಸಿ ಸೊಪ್ಪು ಬೆರೆಸು, ತೇವ ಇರುವಾಗ ಹಾಕು. ತೆಂಗಿನಕಾಯಿ ಸುಲಿದ ಮಟ್ಟೆ ಇದ್ದರೆ ಮರದಿಂದ ದೂರ ಗುಂಡಿ ತೋಡಿ, ಒಳಮೈ ಮೇಲೆ ಮಾಡಿ ಜೋಡಿಸಿ ಮಣ್ಣು ಮುಚ್ಚು. ಅದು ಸ್ಪಂಜಿನ ಹಾಗೆ ನೀರು ಹಿಡಿಯುತ್ತದೆ.

ಎರಡನೇ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಪ್ಪನನ್ನು ಕರೆದುಕೊಂಡು ಹೋಗು. ಏನೂ ಹೇಳಬೇಡ. ಮುಚ್ಚಿಗೆ ಸರಿಸಿ ಅವರ ಕೈಯಲ್ಲೇ ಮಣ್ಣು ಮುಟ್ಟಿಸು, ಆಮೇಲೆ ಉತ್ತ ನೆಲದ ಮಣ್ಣು ಮುಟ್ಟಿಸು. ನಮ್ಮ ಮನೆಯವರು ಒಪ್ಪಿದ್ದು ಹಾಗೇ. ಏಪ್ರಿಲ್ ತಿಂಗಳ ಬಿಸಿಲು, ಮೇಲೆ ಕಾದ ಹೆಂಚಿನಂಥ ನೆಲ. ಸೋಗೆ ಎತ್ತಿದರೆ ಕೆಳಗೆ ತಣ್ಣಗೆ, ಕಪ್ಪಗೆ, ಬಿಳೀ ಬೂಷ್ಟಿನ ನೂಲು. ಒಂದು ಎರೆಹುಳ ಸರಕ್ಕನೆ ಒಳಗೆ ಹೋಯಿತು. ಅವರು ಮಣ್ಣನ್ನು ಮೂಗಿನ ಹತ್ತಿರ ಹಿಡಿದು, "ಮೊದಲ ಮಳೆ ವಾಸನೆ ಬತ್ತಾ ಅದೆ" ಅಂದರು. ಆ ವರ್ಷ ಟ್ರಾಕ್ಟರ್ ತೋಟದೊಳಗೆ ಬರಲಿಲ್ಲ.

ಇದು ತಂತ್ರ ಅಲ್ಲ, ಜೀವನ ನೋಡುವ ರೀತಿ ಅಂತ ಬರೆದಿದ್ದಿರಿ. ನಿಮ್ಮ ಬದುಕಿನಲ್ಲಿ ನಿಜಕ್ಕೂ ಏನು ಬದಲಾಯಿತು? ದುಡ್ಡಿನ ಲೆಕ್ಕವನ್ನೂ ಹೇಳಿ.
*— ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ*

ದುಡ್ಡು ಮೊದಲು ಹೇಳಿಬಿಡುತ್ತೇನೆ. ಮೊದಲ ಮೂರು ವರ್ಷ ಕೈಯಿಂದ ಹಾಕಿದ್ದೇ ಜಾಸ್ತಿ. ಈಗಲೂ ಕೈಗೆ ಕಾಸು ಬರುವುದು ಮುಖ್ಯವಾಗಿ ಕೊಬ್ಬರಿಯಿಂದ. ಅದರ ಬೆಲೆ ತಿಪಟೂರು ಮಾರುಕಟ್ಟೆಯಲ್ಲಿ ಏರಿದಾಗ ನಗು, ಇಳಿದಾಗ ಚಿಂತೆ, ಎಲ್ಲರ ಹಾಗೆ. ಬದಲಾದದ್ದು ಖರ್ಚು. ಗೊಬ್ಬರ, ಔಷಧಿ ಅಂಗಡಿಯಲ್ಲಿ ನಮ್ಮ ಲೆಕ್ಕದ ಪುಸ್ತಕ ಮುಚ್ಚಿತು. ರಾಗಿ, ಅವರೆ, ತೊಗರಿ, ಸೊಪ್ಪು, ಮೊಟ್ಟೆ ಕೊಳ್ಳುವುದಿಲ್ಲ. ಒಂದೇ ವರ್ಷದಲ್ಲಿ ಲಕ್ಷ ಲಕ್ಷ ಆದಾಯ ಅಂತ ಯಾರಾದರೂ ಹೇಳಿದರೆ ಅವರ ಮೇಲೆ ಸಾಲ ಮಾಡಿ ಹಣ ಸುರಿಯಬೇಡಿ.

ಇನ್ನು ಬದುಕು. ನಮ್ಮ ಜಮೀನಿನಲ್ಲಿ ಎರಡು ಬೋರ್‌ವೆಲ್ ಒಣಗಿದವು. ಒಂದು ಮಾವನವರು ಕೊರೆಸಿದ್ದು, ಒಂದು ನಾವು. ಮೂರನೆಯದಕ್ಕೆ ಎಲ್ಲ ತಯಾರಾಗಿತ್ತು. ಪಾಯಿಂಟ್ ನೋಡಿ ಕಾಯಿ ಒಡೆದಾಗಿತ್ತು. ಲಾರಿ ಸೋಮವಾರ ಬರಬೇಕು. ಭಾನುವಾರ ರಾತ್ರಿ ನಾನೂ ಮನೆಯವರೂ ಜಗಲಿ ಮೇಲೆ ಕೂತು ಲೆಕ್ಕ ಹಾಕಿದೆವು. ನೀರು ಯಾವುದಕ್ಕೆ ಬೇಕು? ತೆಂಗಿಗೆ. ತೆಂಗಿಗೆ ಎಷ್ಟು ಬೇಕು? ಮುಚ್ಚಿಗೆ ಮಾಡಿದ ಮೇಲೆ ಮೊದಲಿಗಿಂತ ಕಮ್ಮಿ. ಉಳಿದದ್ದು? ಬಾಳೆಗೆ. ಬಾಳೆ ಯಾಕೆ ಹಾಕಿದೆವು? ನೀರಿತ್ತು, ಅದಕ್ಕೆ ಹಾಕಿದೆವು. ಆ ಮಾತು ಬಾಯಿಂದ ಬಂದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸೋಮವಾರ ಬೆಳಿಗ್ಗೆ ಫೋನ್ ಮಾಡಿ ಲಾರಿ ಬೇಡ ಅಂದೆವು. ಆ ದುಡ್ಡಿನ ಒಂದು ಸಣ್ಣ ಪಾಲಿನಲ್ಲಿ ಮನೆಯ ಮಾಡಿನ ನೀರನ್ನು ಹಳೇ ತೆರೆದ ಬಾವಿಗೆ ತಿರುಗಿಸಿದೆವು. 1,000 ಚದರಡಿ ಮಾಡಿನ ಮೇಲೆ 1 ಸೆಂಟಿಮೀಟರ್ ಮಳೆ ಬಿದ್ದರೆ 900 ಲೀಟರಿಗೂ ಜಾಸ್ತಿ ನೀರು. ಬಾಳೆ ಬಿಟ್ಟೆವು.

ಸುಲಭವಾಗಿತ್ತು ಅನ್ನುವುದಿಲ್ಲ. ಒಂದು ಬರದ ವರ್ಷ ತೆಂಗಿನ ಎಳೆ ಕಾಯಿ ಉದುರಿ ಬಿದ್ದದ್ದನ್ನು ಗುಡಿಸುವಾಗ ಕಣ್ಣಲ್ಲಿ ನೀರು ಬಂತು. ಲಾರಿ ಬೇಡ ಅಂದದ್ದು ತಪ್ಪಾಯಿತಾ ಅಂತ ಅನ್ನಿಸಿತು. ಮರ ಸಾಯಲಿಲ್ಲ. ಮುಂದಿನ ಮಳೆಗೆ ಚೇತರಿಸಿಕೊಂಡವು.

ಮಿಕ್ಕಿದ್ದನ್ನು ಹಂಚು ಅನ್ನುವ ಮಾತು ನನಗೆ ಅರ್ಥವಾದದ್ದು ಆ ರಾತ್ರಿ. ಮಿಗಬೇಕಾದರೆ ಮೊದಲು ನಾವು ಸಾಕು ಅನ್ನಬೇಕಲ್ವಾ? ನೆಲದಡಿಯ ನೀರು ನಮ್ಮ ಬೇಲಿಯೊಳಗೇ ನಿಂತಿರುವುದಿಲ್ಲ. ನಾವು ಎತ್ತದೆ ಬಿಟ್ಟದ್ದು ಯಾರದೋ ಬಾವಿಯಲ್ಲಿರುತ್ತದೆ. ಊಟಕ್ಕೆ ಕೂತಾಗ ಮಕ್ಕಳಿಗೆ ದಿನಾ ಕಲಿಸುವ ಮಾತು ಅದು, ಇನ್ನು ಸಾಕು ಅಂತ. ಜಮೀನಿನ ವಿಷಯದಲ್ಲಿ ಅದನ್ನು ಹೇಳಲು ನನಗೆ 50 ವರ್ಷ ದಾಟಬೇಕಾಯಿತು. ನನ್ನ ಬದುಕಿನಲ್ಲಿ ಬದಲಾದದ್ದು ಇದೇ.

ನಮ್ಮ ಶಾಲೆ ಹಿಂದೆ ಖಾಲಿ ಜಾಗ ಇದೆ. ಟೀಚರ್ ತೋಟ ಮಾಡೋಣ ಅಂದಿದ್ದಾರೆ. ಮೊದಲು ನೋಡಿ ಅಂತ ಬರೆದಿದ್ದಿರಿ. ಏನನ್ನು ನೋಡಬೇಕು?
*— 9ನೇ ತರಗತಿ ವಿದ್ಯಾರ್ಥಿನಿ, ಹೊಸದುರ್ಗ*

ಮಗಳೇ, ಮುಂದಿನ ಸಲ ಜೋರು ಮಳೆ ಬಂದಾಗ, ಗುಡುಗು ಸಿಡಿಲು ಇಲ್ಲದಿದ್ದರೆ, ಟೀಚರ್ ಜೊತೆ ಛತ್ರಿ ಹಿಡಿದು ಅಲ್ಲಿಗೆ ಹೋಗು. ಶಾಲೆಯ ಮಾಡಿನಿಂದ ನೀರು ಎಲ್ಲಿ ಬೀಳುತ್ತದೆ, ಯಾವ ಕಡೆ ಹರಿಯುತ್ತದೆ ನೋಡು. ಹರಿಯುವ ನೀರಿನ ಬಣ್ಣ ನೋಡು. ಕೆಂಪಗಿದ್ದರೆ ಮಣ್ಣು ಹೊರಟಿದೆ ಅಂತ. ಅದು ಹೊರಟ ಜಾಗ ಯಾವುದು ಅಂತ ಹಿಂದಕ್ಕೆ ನಡೆದು ಹುಡುಕು. ಮಳೆ ನಿಂತ ಮೇಲೆ ಎಲ್ಲಿ ನೀರು ನಿಂತಿದೆ, ಎಲ್ಲಿ ಬೇಗ ಇಂಗಿತು ಅಂತ ಕಲ್ಲಿಟ್ಟು ಗುರುತು ಮಾಡು. ಮಾರನೇ ದಿನ, ಮೂರನೇ ದಿನ ಮತ್ತೆ ಹೋಗಿ ಅದೇ ಜಾಗದ ಮಣ್ಣು ಕೈಯಲ್ಲಿ ಹಿಡಿದು ಉಂಡೆ ಕಟ್ಟು. ಉಂಡೆ ನಿಂತರೆ ಇನ್ನೂ ತೇವ ಇದೆ. ಗರಿಕೆ ಎಲ್ಲಿ ಹಸಿರಾಗಿದೆ, ಇರುವೆ ಗೂಡು ಎಲ್ಲಿದೆ, ಹಸು ಯಾವ ದಾರಿಯಲ್ಲಿ ಒಳಗೆ ಬರುತ್ತದೆ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ಗುರುತು ಮಾಡು. ಗಿಡ ಇನ್ನೂ ತರಬೇಡಿ. ನೀನು ಬರೆದ ಚಿತ್ರ ನನಗೆ ಕಳಿಸು. ನೋಡಿದ ಮೇಲೆ ಯಾವ ಗಿಡ ಎಲ್ಲಿ ಅಂತ ಇಬ್ಬರೂ ಸೇರಿ ಯೋಚನೆ ಮಾಡೋಣ.